ದಾಟಿಸಿದ ತಟ್ಟೆ

ಗಿಣಿಗೇರಾ,
ಸೋಮವಾರ, 24 ನವೆಂಬರ್ 2025

ಪ್ರೀತಿಯ ತಮ್ಮ ಗೋಣೆಪ್ಪಾ,

ನೀನು, ಹುಲಿಗವ್ವ, ಮಕ್ಕಳು ಎಲ್ಲರೂ ಆರಾಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಭತ್ತದ ಕೊಯ್ಲು ಮುಗಿಯಿತೋ, ಇಲ್ಲ ಯಂತ್ರಕ್ಕೆ ಇನ್ನೂ ಸರದಿ ಕಾಯುತ್ತಿದ್ದೀಯೋ? ಎರಡನೇ ಬೆಳೆಗೆ ಕಾಲುವೆ ನೀರು ಬಿಡುವುದಿಲ್ಲವೆಂದು ಇಲ್ಲಿ ಎಲ್ಲರೂ ಅನ್ನುತ್ತಿದ್ದಾರೆ; ನಿಮ್ಮ ವಿರೂಪಾಪುರಗಡ್ಡೆಗೂ ಅದೇ ಕಥೆಯೋ ಹೇಗೋ. ನಾವು ಇದ್ದ ಹಾಗೇ ಇದ್ದೇವೆ. ಹೋದ ಮಾರ್ಚಿಗೆ ಕಾರ್ಖಾನೆಯಿಂದ ನಿವೃತ್ತನಾದೆ. ಮೂವತ್ತು ವರ್ಷ ಲಾರಿ ತೂಗುತ್ತ ಕೂತವನಿಗೆ ಮನೆಯಲ್ಲಿ ಮಾತ್ರ ಕೂರಲು ಬರುವುದಿಲ್ಲವೆಂದು ನಿನ್ನ ಅತ್ತಿಗೆ ಶರಣಬಸಮ್ಮನ ದೂರು. ಒಣಹಾಕಿದ ಬಟ್ಟೆಯ ಮೇಲೆ ಕಾರ್ಖಾನೆಯ ಕರಿ ಬೂದಿ ಬೀಳುವುದು ನಿಂತಿಲ್ಲ. ಭಾನುವಾರದ ನನ್ನ ಬಿಳಿ ಅಂಗಿಯನ್ನು ಅವಳು ಈಗಲೂ ಮನೆಯೊಳಗೇ ಒಣಗಿಸುತ್ತಾಳೆ.

ನಾಲ್ಕು ವರ್ಷದ ಮೇಲೆ ಅಣ್ಣನಿಗೆ ಕಾಗದ ಬರೆಯುವ ಹುಕಿ ಏಕೆ ಬಂತೆಂದು ಹುಬ್ಬು ಗಂಟಿಕ್ಕಿರುತ್ತೀ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದು ನಿನ್ನ ಹಕ್ಕು. ಎತ್ತಿದ್ದರೂ ನಾನು ಮಳೆ ಬೆಳೆ ಕೇಳಿ ಇಟ್ಟುಬಿಡುತ್ತಿದ್ದೆ.

ನಮ್ಮ ಪ್ರಾರ್ಥನಾ ಮನೆಯ ಒಂದು ಪದ್ಧತಿ ನಿನಗೆ ಗೊತ್ತಿಲ್ಲ, ಮೊದಲು ಅದನ್ನು ಹೇಳಬೇಕು. ತಿಂಗಳ ಮೊದಲ ಭಾನುವಾರ ಯೇಸುವಿನ ನೆನಪಿಗೆ ರೊಟ್ಟಿ ಮುರಿದು ತಟ್ಟೆಯಲ್ಲಿ ಸಾಲುಸಾಲಾಗಿ ದಾಟಿಸುತ್ತೇವೆ. ಬೇರೆ ಕಡೆ ಬ್ರೆಡ್ಡು, ನಮ್ಮಲ್ಲಿ ಜೋಳದ ರೊಟ್ಟಿ. ನಮ್ಮನ್ನು ಕೂಡಿಸಿದ ಹಿರಿಯ ಸಮುವೇಲಪ್ಪನವರು, ಈಗ ಇಲ್ಲ, ಹೊಡೆದಾಟವೆಂದರೆ ಬೆಂಕಿಯಾಗುತ್ತಿದ್ದರು. ಕ್ರಿಸ್ತನ ಮೊದಲ ಜನರಲ್ಲಿ ಕೆಲವರು ಕತ್ತಿ ಹಿಡಿಯಲೊಲ್ಲದೆ ರಾಜನ ಸೈನ್ಯವನ್ನೇ ಬಿಟ್ಟು ತಲೆ ಕೊಟ್ಟ ಕಥೆಗಳನ್ನು ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು. ಆಮೇಲೆ ಅವರದೇ ಒಂದು ಕಟ್ಟಳೆ: "ಕೈ ಎತ್ತಿದವ್ರು ಈ ತಟ್ಟಿಗೆ ಕೈ ಹಾಕಬ್ಯಾಡ್ರಿ. ಹೊಡಿಸ್ಕೊಂಡಾಂವನ ಮನಿಗೆ ಹೋಗಿ, ಅವ ಕೊಟ್ಟದ್ದು ಉಂಡು ಬರ್ರಿ. ತಟ್ಟಿ ಎಲ್ಲಿಗೂ ಓಡಿ ಹೋಗೂದಿಲ್ಲ." ನಮ್ಮ ಸಭೆಯ ಗವಿಸಿದ್ದೇಶ ಒಮ್ಮೆ ಕಾರ್ಖಾನೆ ಕ್ಯಾಂಟೀನಿನ ಬಾಲಪ್ಪನಿಗೆ ಬಾರಿಸಿ, ಮುಂದಿನ ವಾರ ಅವನ ಮನೆಗೆ ಹೋದ. ಬಾಲಪ್ಪ ಉಪ್ಪಿಟ್ಟಿಗೆ ಬೇಕೆಂದೇ ಉಪ್ಪು ಸುರಿದಿದ್ದನಂತೆ. ಇವನು ತಟ್ಟೆ ನೆಕ್ಕಿ ಬಂದ. ಈಗ ಇಬ್ಬರೂ ಒಂದೇ ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತಾರೆ.

ನಾನು ನಾಲ್ಕು ವರ್ಷದಿಂದ ಆ ತಟ್ಟೆಯನ್ನು ಮುಟ್ಟದೆ ಪಕ್ಕದವರಿಗೆ ದಾಟಿಸುತ್ತಿದ್ದೇನೆ. ಏಕೆಂದು ನಿನಗೆ ಗೊತ್ತು, ನಿನಗೊಬ್ಬನಿಗೇ. ಅವ್ವ ತೀರಿದ ದಿನ ಹಿತ್ತಲಲ್ಲಿ ಅವಳ ಸ್ನಾನಕ್ಕೆ ನೀರು ಕಾಯುತ್ತಿತ್ತು, ನಾವಿಬ್ಬರೇ ಇದ್ದೆವು. ನಾನು ಎಲ್ಲರ ಮುಂದೆ ಪ್ರಾರ್ಥನೆ ಮಾಡುತ್ತೇನೆಂದೆ. ನೀನು ಮೆಲ್ಲಗೇ ಹೇಳಿದ್ದೆ: "ಅವ್ವ ಹುಲಿಗೆಮ್ಮ ದೇವಿಗೆ ನಡಕೊಂಡಾಕಿ ಅಣ್ಣ. ನಿನ್ನ ಪ್ರಾರ್ಥನಿ ನಿನ್ನ ಮನಸಿನ್ಯಾಗ ಮಾಡು." ನಾನು ನಿನ್ನ ಕೆನ್ನೆಗೆ ಹೊಡೆದೆ. ಶಾಂತಿಯ ಪ್ರಾರ್ಥನೆ ಮಾಡಬೇಕಾಗಿದ್ದವನು, ಅದನ್ನು ಮಾಡಲು ಬಿಡಲಿಲ್ಲವೆಂದು ಹೊಡೆದೆ. ನೀನು ಒಲೆಯ ಕಟ್ಟಿಗೆ ಒಳಗೆ ತಳ್ಳಿ ಎದ್ದು ನಿಂತು ಹೇಳಿದ್ದು ಇಷ್ಟು: "ಇನ್ನೊಂದು ಹೊಡಿಯೂದಿದ್ರ ಹೊಡದಬಿಡು. ಅವ್ವಗ ತಡಾ ಆಗಾಕತ್ತೈತಿ." ನಮ್ಮ ಧರ್ಮಗ್ರಂಥದ ಒಂದು ಅಕ್ಷರವನ್ನೂ ನೀನು ಓದಿದವನಲ್ಲ. ನಾನು ಇಪ್ಪತ್ತು ವರ್ಷ ಓದಿ ಹೇಳಿದ್ದನ್ನು ನೀನು ಒಲೆಯ ಮುಂದೆ ನಿಂತು ಮಾಡಿದೆ. ನಾನು ಆಗಲೇ ನಿನ್ನ ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ, ಮಣ್ಣು ಮುಗಿಸಿ ಬಸ್ಸು ಹತ್ತಿದೆ.

ಇಲ್ಲಿಗೆ ಬಂದು ತಟ್ಟೆ ದಾಟಿಸಿದಾಗ ಯಾರಾದರೂ ಕೇಳುತ್ತಾರೆ, ಹೇಳಿಬಿಡೋಣ ಎಂದುಕೊಂಡಿದ್ದೆ. ಯಾರೂ ಕೇಳಲಿಲ್ಲ. ದ್ಯಾಮಣ್ಣ ಕೈ ಎತ್ತುವವನಲ್ಲ ಎಂಬುದು ಅವರಿಗೆ ಎಷ್ಟು ಖಾತ್ರಿಯೆಂದರೆ, ಇದೇನೋ ದೊಡ್ಡ ವ್ರತವಿರಬೇಕೆಂದು ತಿಳಿದರು. ಲೋಕದ ಜಗಳಗಳೆಲ್ಲ ತೀರುವ ತನಕ ನಾನು ರೊಟ್ಟಿ ಮುಟ್ಟುವುದಿಲ್ಲವಂತೆ. ನಾನು ಹೌದೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಕೇಳಲು ಸ್ವಲ್ಪ ಹಿತವೇ ಆಗಿತ್ತು. ಈ ಆಗಸ್ಟಿನಲ್ಲಿ ಮುದುಕಿ ಪಕ್ಕೀರವ್ವ ತಟ್ಟೆ ದಾಟಿಸಿದಳು. ಅವಳು ಸೊಳ್ಳೆಗೂ ಕೈ ಎತ್ತಿದವಳಲ್ಲ. ಏಕವ್ವಾ ಎಂದರೆ, "ದ್ಯಾಮಣ್ಣನೇ ಬಿಟ್ಟಾನಂದ್ರ ನಾ ಯಾವ ದೊಡ್ಡಾಕಿ?" ಎಂದಳು. ಈ ತಿಂಗಳು ಒಂಬತ್ತು ಜನ ಮುಟ್ಟಲಿಲ್ಲ. ತಟ್ಟೆ ಅರ್ಧ ತುಂಬಿಯೇ ಹಿಂದೆ ಬಂತು. ತಪ್ಪು ಮಾಡಿದವನೊಬ್ಬ, ಹಸಿದು ಕೂತವರು ಅವರು.

ಅಂದೇ ಹೊಸ ಸಭಾಪಾಲಕ ರವಿಕುಮಾರನನ್ನು ಹೊರಗೆ ಕರೆದು ಬಾಯಿ ತೆರೆದೆ. ಒಳ್ಳೆಯ ಹುಡುಗ, ಆದರೆ ಕೇಳುವ ಅಭ್ಯಾಸ ಇನ್ನೂ ಆಗಿಲ್ಲ. ನನ್ನ ಕೈ ಹಿಡಿದು, "ನಿಮ್ಮ ವ್ರತ ಎಲ್ಲಾರಿಗೂ ಗೊತ್ತೈತ್ರಿ ಮಾಮಾ, ನೀವು ಬಾಯಿಬಿಟ್ಟು ಹೇಳಬ್ಯಾಡ್ರಿ" ಎಂದ. ಡಿಸೆಂಬರ್ ಏಳಕ್ಕೆ ಪ್ರಾರ್ಥನಾ ಮನೆಗೆ ಇಪ್ಪತ್ತೈದು ವರ್ಷ ತುಂಬುತ್ತದೆ. ಅಂದು ಕೈ ಎತ್ತದ ಹಿರಿಯನೆಂದು ನನಗೆ ಶಾಲು ಹೊದಿಸುತ್ತಾರಂತೆ, ಬ್ಯಾನರಿಗೆ ನನ್ನ ಫೋಟೋ ಕೂಡ ಒಯ್ದಿದ್ದಾರೆ. ಆ ಫೋಟೋದಲ್ಲಿ ನಾನು ಸ್ವಲ್ಪ ನಿನ್ನ ಹಾಗೇ ಕಾಣುತ್ತೇನೆ.

ಇಷ್ಟು ನಿನಗೆ ತಿಳಿಸಬೇಕಿತ್ತು. ಮಂಡಿಗೆ ಎಣ್ಣೆ ತಿಕ್ಕಿಸಿಕೋ, ಕೆಸರಿನಲ್ಲಿ ಬಹಳ ಹೊತ್ತು ನಿಲ್ಲಬೇಡ. ಹುಲಿಗವ್ವನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ದೊಡ್ಡಪ್ಪನ ಆಶೀರ್ವಾದ. ನಿನ್ನ ಹೊಲ, ಮನೆ ತಣ್ಣಗಿರಲಿ.

ನಿನ್ನ ಅಣ್ಣ,
ದ್ಯಾಮಣ್ಣ

ತಾ.ಕ.: ಕಾಗದವನ್ನು ಅಂಟಿಸುವ ಮೊದಲು ಶರಣಬಸಮ್ಮನಿಗೆ ಓದಿ ಹೇಳಿದೆ. ಅವಳಿಗೂ ಇಂದೇ ಗೊತ್ತಾಗಿದ್ದು. ಕೇಳಿದವಳೇ ಎದ್ದು ನಿಮಗೆಂದು ಶೇಂಗಾ ಚಟ್ನಿ ಕುಟ್ಟಲು ಕೂತಳು. ನಾನು ಬೇಡವೆಂದೆ, ನಿಮ್ಮ ಮನೆಯದನ್ನೇ ಉಣ್ಣಬೇಕು. ಏಳನೇ ತಾರೀಖು ಭಾನುವಾರ ಅವರು ಶಾಲು ಹಿಡಿದು ಕಾಯುವ ಹೊತ್ತಿಗೆ ನಾನು ನಿನ್ನ ಬಾಗಿಲಲ್ಲಿ ಇರುತ್ತೇನೆ. ನಾನು ಏಕೆ ಬಂದಿಲ್ಲವೆಂದು ಅಲ್ಲಿ ಅವಳೇ ಎದ್ದು ನಿಂತು ಎಲ್ಲರಿಗೂ ಹೇಳುತ್ತಾಳೆ, ಒಪ್ಪಿದ್ದಾಳೆ. ಹುಲಿಗವ್ವನಿಗೆ ಒಂದು ರೊಟ್ಟಿ ಜಾಸ್ತಿ ಬಡಿಯಲು ಹೇಳು. ಮನಸ್ಸಾಗದಿದ್ದರೆ ಬಾಗಿಲು ಹಾಕಿಕೋ, ಬೇಸರವಿಲ್ಲ. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಹೋಗುತ್ತೇನೆ. ಅದರ ಮುಂದಿನ ತಿಂಗಳು ಮತ್ತೆ ಬರುತ್ತೇನೆ.