ಉಸುಕಿನ ಲಾರಿಗಳು ಬರೆದ ದಾರಿ

ಮಗಳೇ ಅಲ್ಮಾಸ,

ಬ್ಯಾಡಗಿಯಿಂದ ನಿನ್ನ ಸೋಮಪ್ಪ ಕಾಕಾ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಫೋನಿನ ಮುಖ ಕಂಡರೇ ಆಗುವುದಿಲ್ಲ ನಿನಗೆ ಈಗ ಎಂದು ನಿನ್ನ ಅಮ್ಮಿ ಹೇಳಿದರು. ಅದಕ್ಕೇ ಈ ಕಾಗದ. ಸೋಮವಾರ ರಾಣೆಬೆನ್ನೂರಿನ ಪಶು ಆಸ್ಪತ್ರೆಯ ಕೆಲಸಕ್ಕೆ ರಾಜೀನಾಮೆ ಕೊಡುತ್ತೀಯಂತೆ. ಕೊಡುವ ಮೊದಲು ಇದನ್ನು ಪೂರ್ತಿ ಓದು. ನಿನ್ನ ಕಾರು ಬಿದ್ದ ಜಾಗಕ್ಕೆ ನಾನು ನಿನ್ನೆ ಹೋಗಿದ್ದೆ. ಅಲ್ಲಿ ಕೇಳಿದ ಮಾತು ನಿನಗೂ ತಿಳಿಯಬೇಕು.

ಹಾವೇರಿಯ ಆಸ್ಪತ್ರೆಯಲ್ಲಿ ಆ ದಿನ ನಿನ್ನ ಚಿಕ್ಕಪ್ಪ ಚಾಂದಸಾಬ ಎಲ್ಲರ ಮುಂದೆ ಹೇಳಿದ್ದು ನನಗೆ ನೆನಪಿದೆ. "ಹೆಣ್ಣಮಗಳ ಕೈಯಾಗ ಸ್ಟೇರಿಂಗ್ ಕೊಟ್ರ ಹಿಂಗ ಆಗೂದು. ಎಮ್ಮಿ ನೋಡೂ ನೌಕರಿಗೆ ಕಾರ್ ಯಾಕ ಬೇಕಾಗಿತ್ತು?" ನಿನ್ನ ಅಮ್ಮಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದಲ್ಲಿಂದಲೇ ಉತ್ತರ ಕೊಟ್ಟರು. "ಚಾಂದಭಾಯ್, ನೀವು ಎರಡ ಸಲ ಟ್ರ್ಯಾಕ್ಟರ್ ಕೆರಿಗೆ ಇಳಿಸೀರಿ. ಗಂಡಸರ ಕೈಯಾಗ ಯಾಕ ಕೊಟ್ರಿ ಅಂತ ಆವಾಗ ಯಾರರ ಕೇಳಿದ್ರೇನು?" ನರ್ಸ್ ಕೂಡ ನಕ್ಕಳು. ನೀನು ನಗಲಿಲ್ಲ. ಹೊರಗೆ ಮೆಟ್ಟಿಲ ಬಳಿ ನನ್ನ ಕೈ ಹಿಡಿದು, "ಅಮ್ಮಿ ನಿಲ್ಲಸು ನಿಲ್ಲಸು ಅಂದ್ಲು ಕಾಕಾ. ನಾ ದಾರಿ ಹೇಳೂ ಫೋನಿನ ಮಾತ ಕೇಳಿದೆ, ಅಕೀ ಮಾತ ಕೇಳಲಿಲ್ಲ," ಎಂದೆ. ಇನ್ನು ಸ್ಟೇರಿಂಗ್ ಮುಟ್ಟುವುದಿಲ್ಲ, ಕಾರಿಲ್ಲದೆ ಹಳ್ಳಿ ತಿರುಗುವ ಕೆಲಸ ಆಗುವುದಿಲ್ಲ, ಆದ್ದರಿಂದ ಕೆಲಸವೂ ಬೇಡ ಎಂದೆ.

ನಿನಗೆ ಡ್ರೈವಿಂಗ್ ಕಲಿಸಿದವನು ನಾನು. ನಿನ್ನ ಕೈ ಎಂಥದೆಂದು ನನಗೆ ಗೊತ್ತು. ಅದಕ್ಕೇ ಪಕ್ಕದ ಮನೆಯ ತಿರಕಪ್ಪನ ಕೈಯಲ್ಲಿ ನನ್ನ ಹಳೆಯ ಕಾರು ಹೊಡೆಸಿಕೊಂಡು ಹೊರಟೆ. ಅವನ ಫೋನಿನಲ್ಲಿ ಆ ದಿನ ನೀನೂ ಅಮ್ಮಿಯೂ ಹೊರಟಿದ್ದ ಮದುವೆ ಮನೆಯ ವಿಳಾಸ ಹಾಕಿಸಿದೆ. ಕಾರಿನ ಗಾಜಿಗೆ ನಿನ್ನ ಅಬ್ಬಾ ಮುಜಾಫರನ ಪೆಟ್ಟಿಗೆಯನ್ನೂ ಅಂಟಿಸಿದೆ.

ಆ ಪೆಟ್ಟಿಗೆ ನಿನಗೆ ಮರೆತಿಲ್ಲ ತಾನೇ? ನಿನ್ನ ಅಬ್ಬಾ ದುಬೈನಿಂದ ಕೊನೆಯ ಸಲ ಬಂದಾಗ ತಂದ, ಅಂಗೈಯಗಲದ ಕರಿಯ ಜಿಪಿಎಸ್ ಪೆಟ್ಟಿಗೆ. ನಾನು ಅದೇ ವಾರ ಕಾರು ಕೊಂಡಿದ್ದೆ. ನಮ್ಮ ಕಡೆಯ ಪದ್ಧತಿಯಂತೆ ಮೊದಲ ಓಟ ಕದರಮಂಡಲಗಿಯ ಹನುಮಪ್ಪ, ಕಾಂತೇಶನ ಸನ್ನಿಧಿಗೆ. ಗಾಲಿಗೆ ನಿಂಬೆಹಣ್ಣು ಇಟ್ಟು ಪೂಜೆ ಮುಗಿದ ಮೇಲೆ ಮುಜಾಫರ ಅಲ್ಲೇ ಪೆಟ್ಟಿಗೆ ಚಾಲೂ ಮಾಡಿದ. ಅದು ಮೊದಲಿಗೆ, ನಿನ್ನ ಮನೆ ಯಾವುದು ಎಂದು ಕೇಳಿತು. ದೇವರ ಹೆಸರಿಲ್ಲದೆ ಹೊಸ ಪುಸ್ತಕದ ಮೊದಲ ಪುಟವನ್ನೂ ನಾನು ತುಂಬಿದವನಲ್ಲ. ಮೊದಲು ಕಾಂತೇಶನ ಜಾಗ ಹಾಕು, ನಮ್ಮ ಮನೆ ಆಮೇಲೆ ಎಂದೆ. "ಲೇ ಸೋಮ್ಯಾ, ಅದು ನಿನ್ನ ಮನಿ ಕೇಳಾಕತ್ತೈತಿ, ಹಣಮಪ್ಪಂದಲ್ಲ," ಎಂದು ನಕ್ಕರೂ ಅದನ್ನೇ ಹಾಕಿದ. ಆಮೇಲೆ ಬದಲಿಸಲು ನಮಗಿಬ್ಬರಿಗೂ ಮನಸ್ಸಾಗಲಿಲ್ಲ. ಹಿಂದಿನ ಸೀಟಿನಿಂದ ಬಗ್ಗಿ ನೀನು ಮನೆಯ ಚಿತ್ರ ಒತ್ತಿದರೆ ಸಾಕು, ನಾವು ಹುಬ್ಬಳ್ಳಿಯಲ್ಲಿರಲಿ, ಹರಿಹರದಲ್ಲಿರಲಿ, ಅದು ಕದರಮಂಡಲಗಿಗೇ ದಾರಿ ಹಿಡಿಯುತ್ತಿತ್ತು. ನೀನು ಹೊಟ್ಟೆ ಹಿಡಿದು ನಗುತ್ತಿದ್ದೆ.

ದೊಡ್ಡವಳಾದ ಮೇಲೆ ನೀನೇ ಅದನ್ನು ಡಬ್ಬಿ ಎಂದು ಹೀಯಾಳಿಸಿದೆ. "ಮೋಟೆಬೆನ್ನೂರ ಹತ್ರ ಹೊಸಾ ರೋಡ್ ಮ್ಯಾಲ ಹೊಂಟ್ರ, ಹೊಲದಾಗ ಹೊಂಟೀರಿ ಅಂತೈತಿ ಕಾಕಾ ಇದು." ಸುಳ್ಳಲ್ಲ. ಅದರೊಳಗಿನ ನಕಾಶೆ ಹತ್ತು ವರ್ಷಕ್ಕೂ ಹಿಂದಿನದು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಯ ಲಾರಿಗಳ ನಡುವೆ ಸಿಕ್ಕಿಕೊಂಡಾಗ ನಿನ್ನ ಫೋನೇ ನಮ್ಮನ್ನು ಸಂದಿಗೊಂದಿಯಲ್ಲಿ ಪಾರು ಮಾಡಿದ್ದು. ನಾನು ಸೋತೆನೆಂದು ಒಪ್ಪಿದ್ದೆ.

ನಿನ್ನೆ ಗಳಗನಾಥದ ಈಚೆಗೆ ಹೊಳೆಯ ದಿಕ್ಕಿನಲ್ಲಿ ಹೊರಟಾಗ ತಿರಕಪ್ಪನ ಫೋನು, ಎಡಕ್ಕೆ ತಿರುಗಿ ಎಂದಿತು. ನಿನಗೆ ಹೇಳಿದ ಹಾಗೆಯೇ. ದಾರಿ ನೋಡಿ ನಾನೇ ಮೋಸಹೋದೆ. ಎರಡು ಬಂಡಿ ಹಾಯುವಷ್ಟು ಅಗಲ, ಗಟ್ಟಿಯಾಗಿ ಕೂತ ನೆಲ, ತುಂಬ ಗಾಲಿಗಳ ಗುರುತು. ಒಂದು ದಿಬ್ಬ ಏರುತ್ತದೆ. ಏರಿದ ಮೇಲೆ ನೆಲವೇ ಇಲ್ಲ. ತಿರಕಪ್ಪ ಬ್ರೇಕ್ ಒತ್ತಿದ. ಕೆಳಗೆ ಉಸುಕು ತೆಗೆದ ಗುಂಡಿ. ಅದರ ಅಂಚಿನಲ್ಲಿ ನಿನ್ನ ಕಾರಿನ ದೀಪದ ಗಾಜಿನ ಚೂರು ಇನ್ನೂ ಬಿದ್ದಿತ್ತು. ಫೋನು ಮಾತ್ರ, ನೇರವಾಗಿ ಮುಂದೆ ಹೋಗಿ ಎನ್ನುತ್ತಲೇ ಇತ್ತು.

ತಿರುವಿನಲ್ಲಿ ಚಹಾದಂಗಡಿ ಇಟ್ಟ ಉಡಚಪ್ಪನನ್ನು ವಿಚಾರಿಸಿದೆ. "ಅದು ರೋಡ್ ಅಲ್ರೀ ಯಜಮಾನ್ರ, ಕದ್ದ ಉಸುಕಿನ ಲಾರಿ ಅಡ್ಡಾಡೂ ಹಾದಿ. ಡ್ರೈವರ್‌ಗಳ ಕಿಸೇದಾಗ ಫೋನ್ ಇರ್ತಾವಲ್ರಿ? ಇಷ್ಟ ಮಂದಿ ಹೊಂಟಾರಂದ್ರ ಇದೂ ರೋಡ ಇರಬೇಕಂತ ಫೋನು ಗೆರಿ ಹೊಡಕೊಂಡೈತಿ. ಈಗ ಮದುವಿಗೆ ಬಂದವ್ರೆಲ್ಲಾ ಇಲ್ಲೇ ತಿರಗತಾರ. ನಿಮ್ಮ ಹುಡುಗಿದು ಮೂರನೇ ಕಾರು," ಎಂದ. ಒಂದು ಮುಳ್ಳಿನ ಟೊಂಗೆಯನ್ನಾದರೂ ಅಡ್ಡ ಹಾಕಬಾರದಿತ್ತೇ ಎಂದೆ. ಅವನು ಚಹಾ ಸೋಸುತ್ತಲೇ ಹೇಳಿದ: "ಹಾಕಿದ್ನಿರಿ. ಲಾರಿಯವ್ರು ಕಿತ್ತ ಒಗದ್ರು. ಫೋನಿನ್ಯಾಗ ರೋಡ್ ಐತಿ, ಬಂದ್ ಮಾಡಾಕ ನೀ ಯಾರಲೇ ಅಂದ್ರು."

ಅಲ್ಮಾಸ, ನಾನು ಲೋಟ ಕೆಳಗಿಟ್ಟೆ. ಕಳ್ಳತನ ನನಗೆ ಹೊಸದಲ್ಲ. ಆದರೆ ಕಳ್ಳರ ಹೆಜ್ಜೆಗುರುತೇ ನಕಾಶೆಯಾಗಿ, ಆ ನಕಾಶೆಯೇ ಅವರ ಹಕ್ಕುಪತ್ರವಾಗುವುದನ್ನು ಎಪ್ಪತ್ತು ವರ್ಷದಲ್ಲಿ ನಾನು ಕಂಡಿರಲಿಲ್ಲ. ನನ್ನ ಬಾಲ್ಯದಲ್ಲಿ ಹೊಲ ಅಳೆಯುವ ಮೋಜಣಿದಾರ ಊರಿಗೆ ಬಂದರೆ ಸರಪಳಿ ಹಿಡಿದು ಬದುಬದು ತಿರುಗುತ್ತಿದ್ದ. ಒಂದು ಬಂಡಿದಾರಿಯ ಗೆರೆ ಎಳೆಯಬೇಕಾದರೂ ಪಂಚರು ಬಂದು ನಿಲ್ಲಬೇಕಿತ್ತು. ಜಗಳಗಳಾಗುತ್ತಿದ್ದವು, ಲಂಚವೂ ಇತ್ತು. ಆದರೂ ಗೆರೆ ತಪ್ಪಾದರೆ ಯಾರನ್ನು ಕೇಳಬೇಕೆಂದು ಗೊತ್ತಿರುತ್ತಿತ್ತು. ಈ ಗೆರೆ ಯಾರದು? ಹೀಗೂ ಆಗಬಹುದೇ ಎಂದು ತಿಳಿದವರನ್ನು ಕೇಳಿದೆ. ಆಗಬಹುದು, ಇಲ್ಲವೇ ಯಾರೋ ಬೇಕೆಂದೇ ಗೆರೆ ಎಳೆದು ಫೋನಿನ ನಕಾಶೆಯವರಿಗೆ ಕಳಿಸಿರಬಹುದು ಎಂದರು. ದಾರಿ ತಪ್ಪಿದೆ ಎಂದು ಫೋನಿನಲ್ಲೇ ದೂರು ಬರೆಸಿದೆ. ಧನ್ಯವಾದ ಎಂದು ಉತ್ತರ ಬಂತು. ಇವತ್ತು ಬೆಳಿಗ್ಗೆ ನೋಡಿದರೆ ದಾರಿ ಅಲ್ಲೇ ಇದೆ. ತಹಸೀಲ್ದಾರರಿಗೂ ಅರ್ಜಿ ಕೊಟ್ಟಿದ್ದೇನೆ, ಬಿಡುವವನಲ್ಲ.

ಮುಜಾಫರನ ಪೆಟ್ಟಿಗೆ ಅಲ್ಲಿ ಏನು ತೋರಿಸಿತು ಗೊತ್ತೇ? ಏನೂ ಇಲ್ಲ. ಖಾಲಿ ಬಿಳಿ ನೆಲ, ನಡುವೆ ನಮ್ಮ ಕಾರಿನ ಬಾಣದ ಗುರುತು, ಸಾಧ್ಯವಾದಾಗ ಹಿಂದಕ್ಕೆ ತಿರುಗಿ ಎಂಬ ಅದರ ಹಳೆಯ ಇಂಗ್ಲಿಷ್ ಮಾತು. ಅದು ಜಾಣ ಪೆಟ್ಟಿಗೆಯಲ್ಲ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಿತು. ಅಷ್ಟು ಸಾಕಾಯಿತು ನನಗೆ.

ಇನ್ನು ನಿನ್ನ ನಿದ್ದೆ ಕೆಡಿಸಿದ ಮಾತು. ಬರುವಾಗ ಹಾವೇರಿಯಲ್ಲಿ ಇಳಿದು ನಿನ್ನ ಅಮ್ಮಿಯನ್ನು ಕೇಳಿದೆ, ನಿಲ್ಲಿಸು ಎಂದಿದ್ದು ನಿಜವೇ, ದಾರಿ ತಪ್ಪೆಂದು ನಿಮಗೆ ಹೇಗೆ ಹೊಳೆಯಿತು ಎಂದು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ದಾರಿ ಸುದ್ದಿ ನನಗೇನ್ ಗೊತ್ತ್ರಿ ಅಣ್ಣಾರ? ಬಾಯಾಗ ಎಲಿ ಅಡಿಕಿ ಇತ್ತು, ಉಗಳಬೇಕಾಗಿತ್ತು. ಹೊಸಾ ಸೀಟು, ಗ್ಲಾಸ್ ಇಳಸಾಕ ಬರಾಂಗಿಲ್ಲ. ಅದಕ್ಕ ನಿಲ್ಲಸು ಅಂದೆ. ಇದನ್ನ ಅಕೀ ಮನಸ್ಸಿಗೆ ಹಚಗೊಂಡಾಳೇನು?" ಎಂದು ನಗಲು ಹೋದವರು ಅತ್ತರು.

ಕೇಳಿದೆಯಾ ಮಗಳೇ? ನೀನು ಮೀರಿದ್ದು ತಾಯಿಯ ಎಚ್ಚರಿಕೆಯನ್ನಲ್ಲ, ಒಂದು ಬಾಯಿ ಎಲೆ ಅಡಿಕೆಯನ್ನು.

ನಾಡಿದ್ದು ಶನಿವಾರ. ನನ್ನ ಕಾರು ತೊಳೆಸಿ ಬಾಗಿಲ ಮುಂದೆ ನಿಲ್ಲಿಸಿರುತ್ತೇನೆ. ನನ್ನ ಕಣ್ಣಿಗೆ ಪೊರೆ, ತಿರಕಪ್ಪನಿಗೆ ಬರಬೇಡವೆಂದು ಹೇಳಿದ್ದೇನೆ. ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಬಾ. ಫೋನು ಬ್ಯಾಗಿನಲ್ಲಿರಲಿ, ಅದರ ಮೇಲೆ ಹಗೆ ಬೇಡ. ಯಾವ ಹಳ್ಳಿಯಲ್ಲಿ ಯಾವ ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿದೆಯೆಂದು ಹೇಳುವುದು ಅದೇ ತಾನೆ. ಸ್ಟೇರಿಂಗ್ ಮುಂದೆ ನೀನು ಕೂತುಕೋ, ಪಕ್ಕದಲ್ಲಿ ನಾನು. ಚಿಕ್ಕವಳಿದ್ದಾಗ ಒತ್ತುತ್ತಿದ್ದ ಹಾಗೆ ಆ ಮನೆಯ ಚಿತ್ರ ಒತ್ತು. ಕಾಂತೇಶನ ಗುಡಿಯ ಮುಂದೆ, ಮನೆ ತಲುಪಿದಿರಿ ಎಂದು ಅದು ಸುಮ್ಮನಾಗುತ್ತದೆ. ಅಲ್ಲಿಂದ ವಾಪಸು ಬರುವ ದಾರಿ ನಿನಗೇ ಗೊತ್ತು.

ನಿನ್ನ ಕೈಗೆ ಬಲವಿರಲಿ, ನಿನ್ನ ಮುಂದಿನ ನೆಲ ಗಟ್ಟಿಯಿರಲಿ.

ಶನಿವಾರ ಬಾಗಿಲಲ್ಲಿ ಕಾಯುವ,
ಸೋಮಪ್ಪ ಕಾಕಾ