ಚೀಟಿ ಬಿಚ್ಚಿದ ತಂತಿಗಳು

ಧಾರವಾಡ, ಗುರುವಾರ

ವೃಂದಾ ಕಾಕುಗೆ ಮಾನಸಿಯ ನಮಸ್ಕಾರಗಳು.

ಕಾಕಾ ತೀರಿಕೊಂಡ ಮೇಲೆ ನೀವು ಹುಡುಕುತ್ತಿದ್ದ ತಂಬೂರಿ ತಂತಿಗಳ ಡಬ್ಬಿಯನ್ನು ಮನೆಗೆಲಸದ ಸಾವಕ್ಕ ಕದ್ದಿಲ್ಲ. ಒಯ್ದವಳು ನಾನು. ಹಳೆಯ ತಂತಿ, ಯಾರಿಗೂ ಬೇಡವಾದದ್ದು ಎಂದುಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಹರಿದ ಪ್ರತಿ ತಂತಿಗೂ ಕಾಕಾ ಚೀಟಿ ಕಟ್ಟಿ, ಯಾವ ಊರಿನ ಸಂಗೀತ ಮೈಫಿಲಿನಲ್ಲಿ ಹರಿಯಿತೆಂದು ಬರೆದಿಟ್ಟಿದ್ದರು. ಅವನ್ನು ಓದಿಯೇ ಬಿಚ್ಚಿದೆ. ತಂತಿಗಳನ್ನು ಸುತ್ತಿ ಝುಮಕಿ ಮಾಡಿ, ಹುಬ್ಬಳ್ಳಿಯ ಪ್ರದರ್ಶನದಲ್ಲಿ ಮಾರಿದೆ. ಎಸೆದ ವಸ್ತುಗಳಿಂದ ಎಂಥ ಆಭರಣ ಎಂದು ಜನ ಹೊಗಳಿದರು.

ಉಳಿದದ್ದು ನಾನು ಹಾಕಿಕೊಳ್ಳುವ ಒಂದೇ ಜೋಡಿ. ಚೀಟಿಗಳ ಜೊತೆ ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ತಂತಿಯನ್ನು ಮತ್ತೆ ನೆಟ್ಟಗೆ ಮಾಡಲು ನೋಡಿದೆ, ಮುರಿಯುತ್ತದೆ.

ದಯವಿಟ್ಟು ಸಾವಕ್ಕನನ್ನು ಮತ್ತೆ ಕೆಲಸಕ್ಕೆ ಕರೆಯಿರಿ. ಅವಳ ಮನೆಗೆ ನಾನೇ ಹೋಗಿ ಹೇಳಿ ಬರುತ್ತೇನೆ. "ನಾ ಮುಟ್ಟಿಲ್ಲರೀ ಬಾಯಾರ" ಎಂದು ಅವಳು ಅಳುವಾಗ ನಾನು ನಿಮ್ಮ ಅಡಿಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಅವಳು ಹೋದ ಮೇಲೆ ನೀವು ನನ್ನ ಕಿವಿಯ ಝುಮಕಿ ಮುಟ್ಟಿ, "ಭಾಳ ಛಂದ ಅವ. ಎದರಿಂದ ಮಾಡೀದಿ?" ಎಂದು ಕೇಳಿದಿರಿ.

"ಗುಜರಿ ಸಾಮಾನಿಂದ, ಕಾಕು" ಎಂದೆ.

ಇತಿ,
ಮಾನಸಿ