ತಳ ಕಾಣದ ಡಬ್ಬಿ

ಅಪ್ಪಾ,

ಡೈರಿಗೆ ಹಾಲು ಹಾಕಿ ಹಾಗೇ ಕೆಲಸಕ್ಕೆ ಹೋಗುತ್ತೇನೆ. ನಿನಗೆ ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸಲಿಲ್ಲ. ಅನ್ನ ಮುಚ್ಚಿಟ್ಟಿದ್ದೇನೆ, ಉಣ್ಣು.

ಕರುವನ್ನು ಹಿತ್ತಿಲಿಗೆ ಬಿಡಬೇಡ. ಬೆಳಿಗ್ಗೆ ಅದರ ಬಾಯಿಂದ ನೀನು ಹರಿದು ಎಸೆದ ಚಹಾದ ಪ್ಲಾಸ್ಟಿಕ್ ಪೊಟ್ಟಣ ಎಳೆದು ತೆಗೆದೆ. ಒಂದು ಲೋಟ ಚಹಾಕ್ಕೆ ಒಂದು ಪೊಟ್ಟಣ, ಅದರೊಳಗೆ ಸಕ್ಕರೆಗೊಂದು, ಹಾಲಿನ ಪುಡಿಗೊಂದು! ಕೊಟ್ಟಿಗೆಯಲ್ಲಿ ಹಸು ಕಟ್ಟಿಕೊಂಡು ಹಾಲಿನ ಪುಡಿ ಕುಡಿಯುವವರೆಂದರೆ ನಾನು ನಿನ್ನೊಬ್ಬನನ್ನೇ ನೋಡಿದ್ದು.

ಇದ್ದ ಪುಡಿ ಬಿಟ್ಟು ಇದೆಂಥ ಹಾಳು ಚಟ ಎಂದು ಸಿಟ್ಟಿನಲ್ಲೇ ಅಮ್ಮನ ಚಹಾಪುಡಿ ಡಬ್ಬಿ ತೆಗೆದೆ. ಅವಳು ತೀರಿಕೊಳ್ಳುವ ಹಿಂದಿನ ದಿನ ಊರಿಟ್ಟ ಚಮಚ ಹಾಗೇ ನಿಂತಿದೆ. ಆಗ ಗೊತ್ತಾಯಿತು, ಅದು ಮುಗಿಯಬಾರದೆಂದೇ ನೀನು ದಿನಾ ಪೊಟ್ಟಣ ಹರಿಯುತ್ತಿದ್ದೀಯ. ನನಗೊಂದು ಮಾತು ಹೇಳಬಾರದಿತ್ತೇ, ಅಪ್ಪಾ?

ಆದರೆ ಪುಡಿಯ ಘಮ ಹೋಗುತ್ತಿದೆ. ಅಮ್ಮ ಎಂದಾದರೂ ಡಬ್ಬಿಯ ತಳ ಕಾಣಗೊಟ್ಟಿದ್ದಳೇ? ಅರ್ಧಕ್ಕಿಳಿದ ಕೂಡಲೇ ಹೊಸದನ್ನು ಸುರಿದು, “ಹಳೇದರ ಕೈಹಿಡ್ಕೊಂಡು ಹೊಸದು ನಡೀಲಿ” ಅಂತ ಕಲೆಸುತ್ತಿದ್ದಳು. ಸಂಜೆ ಹೊಸ ಪುಡಿ ತರುತ್ತೇನೆ. ಕಲೆಸುವವನು ನೀನೇ. ಅವಳು ಹಾಕಿದ್ದು ಒಂದಿಷ್ಟಾದರೂ ಅದರಲ್ಲಿ ಇದ್ದೇ ಇರುತ್ತದೆ.

ಹಿತ್ತಿಲಿನ ಪೊಟ್ಟಣಗಳನ್ನೆಲ್ಲ ಆಯ್ದು ಚೀಲಕ್ಕೆ ತುಂಬಿಡು. ಒಲೆಯ ಪಕ್ಕ ಒಂದು ಚೊಂಬು ಹಾಲು ಇಟ್ಟಿದ್ದೇನೆ, ಬೆಕ್ಕು ಬಾಯಿ ಹಾಕದ ಹಾಗೆ ನೋಡಿಕೋ. ಸಂಜೆ ಚಹಾಕ್ಕೆ ಇಬ್ಬರಿಗೂ ಬೇಕು.